ಬೆನ್ನ ಹಿಂದೆ ಹೋದ ಪಾಸುಗಳು

ಜುಲೈ 7, ಸೋಮವಾರ

ಮಾತಾಡಬಾರದೆಂದು ಡಾಕ್ಟರು ಹೇಳಿ ಇವತ್ತಿಗೆ ನಾಲ್ಕು ದಿನ. ಬೆಳಗಾವಿಯಲ್ಲಿ ನನ್ನ ಗಂಟಲೊಳಗಿನ ಗಂಟನ್ನು ತೆಗೆದಿದ್ದಾರೆ. ಜೋಳದ ಕಾಳಿನಷ್ಟಿತ್ತಂತೆ. ಅದನ್ನು ಪರೀಕ್ಷೆಗೆಂದು ಪುಣೆಗೆ ಕಳಿಸಿದ್ದಾರೆ. ಹದಿನೈದು ದಿನಕ್ಕೆ ವರದಿ ಬರುತ್ತದೆ. ಮೂರು ತಿಂಗಳು ಪಿಸುಮಾತೂ ಬೇಡ ಎಂದಿದ್ದಾರೆ. ಇಪ್ಪತ್ತೇಳು ವರ್ಷ ಗಣಿತ ಹೇಳಿದವನಿಗೆ ಒಳ್ಳೆಯ ವಿಶ್ರಾಂತಿ ಸಿಕ್ಕಿತು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನು ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ.

ಸಾಲೆಗೆ ಹೋದೆ. ಹೆಡ್‌ಮಾಸ್ತರ ಗುರುಲಿಂಗಪ್ಪನವರು ಬಹಳ ಹೊತ್ತು ಯೋಚಿಸಿ ನನಗೊಂದು ಕೆಲಸ ಹುಡುಕಿದರು.

“ಮಹಾವೀರ ಮಾಸ್ತರ, ನಮ್ಮ ಹುಡುಗ್ಯಾರ ಫುಟ್‌ಬಾಲ್ ಟೀಮ್ ಐತೆಲ್ರಿ, ಹೋದ ವರ್ಷ ಎಲ್ಲಾ ಮ್ಯಾಚ್ ಸೋತೈತಿ. ಈ ವರ್ಷ ಸುಧಾರಿಸೇತೋ ಇಲ್ಲೋ ಅಂತ ಆಡಳಿತ ಮಂಡಳಿಯವ್ರು ಅಂಕಿ ಸಮೇತ ಕೇಳ್ಯಾರ. ಇಲ್ಲಂದ್ರ ಟೀಮ್ ಬಂದ್ ಮಾಡ್ತಾರ. ನೀವು ಕುಂತು ಎಣಸ್ರಿ. ಎಣಸಾಕ ಬಾಯಿ ಬೇಕಾಗಂಗಿಲ್ಲ.”

ಏನನ್ನು ಎಣಿಸಬೇಕೆಂದು ಕ್ರೀಡಾ ಶಿಕ್ಷಕಿ ಭಾಗ್ಯಾ ವಿವರಿಸಿದಳು. ಇಪ್ಪತ್ತಾರು ವರ್ಷದ ಹುಡುಗಿ, ಕೊಲ್ಹಾಪುರದ ಕ್ಲಬ್ಬಿನಲ್ಲಿ ಆಡಿದವಳು, ಇಲ್ಲಿ ವರ್ಷದ ಕರಾರಿನ ಮೇಲೆ ಇದ್ದಾಳೆ. ನಮ್ಮ ಗೋಲಿನ ಮುಂದೆ ನಾಲ್ಕು ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ. ಎದುರಾಳಿಗಳು ಆ ನಾಲ್ವರ ಬೆನ್ನ ಹಿಂದೆ ಚೆಂಡು ಕಳಿಸಿ, ಅದು ಅವರದೇ ಹುಡುಗಿಗೆ ಮುಟ್ಟಿದರೆ ಒಂದು ಗೆರೆ. ಹೋದ ವರ್ಷದ ಗೋಲುಗಳೆಲ್ಲ ಹಾಗೆಯೇ ಆದವಂತೆ.

“ನಮ್ಮ ಹುಡುಗ್ಯಾರು ಒಬ್ಬರಿಗೊಬ್ಬರು ಕೂಗಂಗಿಲ್ರಿ ಸರ್. ಎಲ್ಲಾರೂ ನಿಮ್ಮ ಕ್ಲಾಸಿನ್ಯಾಗ ಕುಂತ ಬಂದವ್ರು. ಬಾಯಿ ತಗಸಾಕ ನನಗ ಒಂದ ವರ್ಷ ಸಾಲಲಿಲ್ಲ.”

ಇದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಮನೆಗೆ ಬಂದಾಗ ಹೆಂಡತಿ ಜಿನ್ನವ್ವ ಏನೋ ಹೇಳಿದಳು. ಅವಳ ಅಕ್ಕನ ಮನೆಯ ವಿಷಯ ಇರಬೇಕು.

ಜುಲೈ 13, ರವಿವಾರ

ಹುಕ್ಕೇರಿಯಲ್ಲಿ ಮೊದಲ ಪಂದ್ಯ. ಬೆನ್ನ ಹಿಂದೆ ಹೋದ ಪಾಸು: 19. ಗೋಲು ಐದು–ಸೊನ್ನೆ, ಐದು ಅವರದು.

ನಾಲ್ವರಲ್ಲಿ ನಡುವೆ ನಿಲ್ಲುವವಳು ಹತ್ತನೆಯ ಇಯತ್ತೆಯ ಉದ್ದವ್ವ. ಯಮಕನಮರಡಿಯಿಂದ ಬರುತ್ತಾಳೆ. ಹೋದ ವರ್ಷದ ನನ್ನ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಹನ್ನೊಂದು. ಚೆಂಡು ಅವಳ ತಲೆಯ ಮೇಲಿಂದ ದಾಟಿದಾಗ ಬಾಯಿ ಬಿಗಿಹಿಡಿದು ಅದರ ಹಿಂದೆ ಓಡುತ್ತಿದ್ದಳು. ಐದು ಸಲ ಓಡಿದಳು. ಐದು ಸಲವೂ ಗೋಲಿನಿಂದ ಚೆಂಡು ತಂದುಕೊಟ್ಟವಳು ಅವಳೇ.

ಮೈದಾನದ ಹೊರಗೆ ಒಂದು ಲಾರಿ ನಿಂತಿತ್ತು. ಅದರ ಕ್ಯಾಬಿನ್ನಿನ ಮೇಲೆ ಒಬ್ಬ ಮನುಷ್ಯ ನಿಂತು ಮೊಬೈಲು ಹಿಡಿದುಕೊಂಡು ಬಯ್ಯುತ್ತಿದ್ದ. ಉದ್ದವ್ವನ ಅಪ್ಪನಂತೆ, ಬೀರಸಿದ್ದಪ್ಪ. ಯಾರನ್ನು ಬಯ್ಯುತ್ತಿದ್ದನೋ ತಿಳಿಯಲಿಲ್ಲ.

ಜುಲೈ 20, ರವಿವಾರ

ಕಣಗಲಾ ವಿರುದ್ಧ 21. ವರದಿ ಬಂದಿಲ್ಲ.

ಜುಲೈ 24, ಗುರುವಾರ

ವರದಿ ಬಂದಿಲ್ಲ. ಡಾಕ್ಟರಿಗೆ ಫೋನು ಮಾಡಬೇಕಾಗಿತ್ತು. ಮಾತಾಡಲು ಬರುವುದಿಲ್ಲವಾದ್ದರಿಂದ ಮಾಡಲಿಲ್ಲ. ಜಿನ್ನವ್ವನಿಗೆ ಮಾಡಲು ಹೇಳಬಹುದಿತ್ತು. ಹೇಳಲಿಲ್ಲ. ಒಂಬತ್ತನೆಯ ಇಯತ್ತೆಯ ಜ್ಯಾಮಿತಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿಟ್ಟೆ.

ಜುಲೈ 28, ಸೋಮವಾರ

ವರದಿ ಬಂತು. ಕೆಟ್ಟ ಗಂಟಲ್ಲ.

ಡಾಕ್ಟರಿಗೆ ಫೋನು ಮಾಡಿದ್ದು ಜಿನ್ನವ್ವ. ನಾಲ್ಕು ದಿನದಿಂದ ದಿನಾ ಮಾಡುತ್ತಿದ್ದಳಂತೆ. ಇವತ್ತು ಮಾತು ಮುಗಿಸಿ ಫೋನು ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತಳು. ನಾನು ಹೋಗಿ ಬಾಗಿಲಲ್ಲಿ ನಿಂತೆ.

“ಏನೂ ಇಲ್ಲಂತ. ಬರೇ ಗಂಟಂತ. ನೀವು ಚೀರಿ ಚೀರಿ ಆಗೇತಂತ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಇವತ್ತ ಸಂಜಿಗೆ ಉಣ್ತೀನಿ.”

ಏಕೆ ಹಾಗೆ ಹೇಳಿದಳೆಂದು ತಿಳಿಯದೆ ಹುಬ್ಬೇರಿಸಿದೆ. ಆಪರೇಷನ್ ಆದ ದಿನದಿಂದ ಅವಳು ಒಂದೇ ಹೊತ್ತು ಉಣ್ಣುತ್ತಿದ್ದಾಳೆ, ವರದಿ ಬರುವ ತನಕ ಅಂತ ವ್ರತ ಹಿಡಿದಿದ್ದಳು. ಇಪ್ಪತ್ತೈದು ದಿನ ಇಬ್ಬರೂ ಒಂದೇ ಮನೆಯಲ್ಲಿ ಉಂಡಿದ್ದೇವೆ. ನನ್ನ ಗಮನಕ್ಕೆ ಬಂದಿರಲಿಲ್ಲ.

ಸೂರ್ಯ ಮುಳುಗುವ ಮೊದಲು ಇಬ್ಬರೂ ಉಂಡೆವು. ಅವಳು ಎರಡೂವರೆ ರೊಟ್ಟಿ ಉಂಡಳು.

ಆಗಸ್ಟ್ 3, ರವಿವಾರ

ಯಮಕನಮರಡಿ ವಿರುದ್ಧ 20. ಗೋಲು ನಾಲ್ಕು–ಸೊನ್ನೆ. ಮಳೆಯಲ್ಲಿ ಗೆರೆ ಎಳೆಯುವ ವಹಿ ತೋಯ್ದು ಹನ್ನೆರಡನೆಯ ಗೆರೆ ಹರಡಿದೆ. ಅದನ್ನು ಒಂದೇ ಗೆರೆ ಎಂದು ಹಿಡಿದಿದ್ದೇನೆ.

ಜಿನ್ನವ್ವನ ಅಕ್ಕನ ಮೊಣಕಾಲು ನೋವು ಜಾಸ್ತಿಯಾಗಿದೆಯಂತೆ. ಅಕ್ಕನ ಮನೆಯ ವಿಷಯ ಅಂದರೆ ಇದೇ ಇರಬೇಕು.

ಆಗಸ್ಟ್ 10, ರವಿವಾರ

ಗೋಕಾಕದಲ್ಲಿ ಪಂದ್ಯ. ಅವರ ತಂಡ ಎಲ್ಲರಿಗಿಂತ ಬಲವಾದದ್ದು. 22. ಗೋಲು ಮೂರು–ಸೊನ್ನೆ. ಸೋತ ಮೇಲೂ ನಮ್ಮ ಹುಡುಗಿಯರು ಟೆಂಪೋದಲ್ಲಿ ಜೋರಾಗಿ ಹಾಡುತ್ತ ಬಂದರು. ಕಾರಣವಿಲ್ಲದೆ ಯಾಕೆ ಹಾಡುತ್ತಾರೆ ಎಂದು ಚೀಟಿಯಲ್ಲಿ ಬರೆದು ಭಾಗ್ಯಾಳಿಗೆ ತೋರಿಸಿದೆ.

“ಚೊಲೋ ಆಡ್ಯಾರ್ರಿ ಸರ್, ಅದಕ.”

ವಹಿಯಲ್ಲಿ ಅಂಥದ್ದೇನೂ ಕಾಣಲಿಲ್ಲ.

ಆಗಸ್ಟ್ 16, ಶನಿವಾರ

ಹೆಡ್‌ಮಾಸ್ತರರು ಅರ್ಧ ಋತುವಿನ ವರದಿ ಕೇಳಿದರು. ನಾಲ್ಕು ಪಂದ್ಯ: 19, 21, 20, 22. ಕೆಳಗೆ ಒಂದು ಸಾಲು ಬರೆದೆ: “ಬೆನ್ನ ಹಿಂದಿನ ಪಾಸು ತಡೆಯುವುದರಲ್ಲಿ ಸುಧಾರಣೆ ಕಂಡುಬಂದಿಲ್ಲ; ಸ್ವಲ್ಪ ಹಿನ್ನಡೆಯಾಗಿದೆ.”

“ಇದು ನೋಡ್ರಿ ವರದಿ ಅಂದ್ರ,” ಎಂದು ಗುರುಲಿಂಗಪ್ಪನವರು ಅದನ್ನು ಹುಕ್ಕೇರಿಗೆ, ಮಂಡಳಿಯ ಅಧ್ಯಕ್ಷರಾದ ಅಣ್ಣಾಸಾಹೇಬರಿಗೆ ಕಳಿಸಿದರು. ಸ್ವಚ್ಛವಾದ ಕೆಲಸ ಮಾಡಿದ ಸಮಾಧಾನವಾಯಿತು.

ಆಗಸ್ಟ್ 21, ಗುರುವಾರ

ಮಧ್ಯಾಹ್ನ ಮೈದಾನದ ಬೇವಿನ ಮರದ ಕೆಳಗೆ ಭಾಗ್ಯಾ ನನ್ನನ್ನು ನಿಲ್ಲಿಸಿದಳು. ಕೈಯಲ್ಲಿ ಮಂಡಳಿಯ ಪತ್ರ. ನವೆಂಬರಿಗೆ ಅವಳ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ, ತಂಡವನ್ನೂ ನಿಲ್ಲಿಸುವುದು. ಕಾರಣದ ಜಾಗದಲ್ಲಿ ನನ್ನ ಸಾಲು ಹಾಗೇ ಇತ್ತು, ಅರ್ಧವಿರಾಮ ಸಮೇತ.

“ನೀವು ಬರದದ್ದು ಸುಳ್ಳಲ್ರಿ ಸರ್. ಆದ್ರ ಒಂದ ಕೇಳ್ತೀನಿ. ಗೋಕಾಕದವ್ರು ಒಟ್ಟ ಎಷ್ಟ ಸಲ ಪಾಸ್ ಕೊಡಾಕ ನೋಡಿದ್ರು?”

ನಾನು ವಹಿ ತೋರಿಸಿದೆ. 22.

“ಅವು ದಾಟಿದ್ವು. ತಡದದ್ದು?”

ತಡೆದದ್ದನ್ನು ನಾನು ಎಣಿಸಿರಲಿಲ್ಲ. ಎಣಿಸೆಂದು ಯಾರೂ ಹೇಳಿರಲಿಲ್ಲ. ತಡೆದಾಗ ಏನೂ ಆಗುವುದಿಲ್ಲ, ಆಟ ಮುಂದುವರಿಯುತ್ತದೆ. ಆಗದೇ ಇದ್ದದ್ದಕ್ಕೆ ಗೆರೆ ಎಳೆಯುವುದು ಹೇಗೆ?

“ಮೊದಲನೇ ಮ್ಯಾಚಿನ್ಯಾಗ ಅವ್ರು ಕೊಟ್ಟದ್ದೆಲ್ಲಾ ದಾಟ್ತಿತ್ತು. ಐದ ಗೋಲ್ ಹೊಡದ ಮ್ಯಾಲ ಕೊಡೋದ ಬಿಟ್ರು. ಗೋಕಾಕದವ್ರು ಮತ್ತ ಮತ್ತ ಕೊಟ್ರು ಸರ್, ಯಾಕಂದ್ರ ದಾಟವಲ್ದಾಗಿತ್ತು. ನೀವ ಗಣಿತದವ್ರು, ನಾ ಏನ್ ಹೇಳೋದು.”

ಅವಳು ಹೋದಳು. ಛೇದವಿಲ್ಲದೆ ಬರೀ ಅಂಶ ಬರೆದು ಭಿನ್ನರಾಶಿ ಎಂದವನಿಗೆ ನಾನೇ ಸೊನ್ನೆ ಕೊಡುತ್ತಿದ್ದೆ.

ಆಗಸ್ಟ್ 22, ಶುಕ್ರವಾರ

ತಿದ್ದಿದ ವರದಿ ಕೊಡುತ್ತೇನೆಂದು ಹೆಡ್‌ಮಾಸ್ತರರಿಗೆ ಬರೆದು ಕೊಟ್ಟೆ. “ಎಲ್ಲಿಂದ ತಿದ್ದತೀರಿ? ಮುಗದ ಮ್ಯಾಚ್ ಮತ್ತ ಆಡಸಾಕ ಬರತೈತೇನ್ರಿ?” ಎಂದರು. ಮಾತು ಸರಿಯಾಗಿತ್ತು.

ಮನೆಯಲ್ಲಿ ಇದನ್ನೆಲ್ಲ ಎರಡು ಪುಟ ಬರೆದು ಜಿನ್ನವ್ವನಿಗೆ ಓದಲು ಕೊಟ್ಟೆ. ಯಾಕೆ ಕೊಟ್ಟೆನೋ. ಅವಳು ಓದಿ, “ಆ ಲಾರಿ ಮ್ಯಾಲ ನಿಂತು ಮೊಬೈಲ್ ಹಿಡದಿದ್ದಾ ಅಂತ ಬರದೀರೆಲ್ಲ, ಅಂವ ಏನ್ ಫೋಟೋ ತಗೀತಿದ್ನೋ, ವಿಡಿಯೋ ಮಾಡ್ತಿದ್ನೋ?” ಎಂದಳು.

ಆಗಸ್ಟ್ 24, ರವಿವಾರ

ಜಿನ್ನವ್ವನ ಜೊತೆ ಯಮಕನಮರಡಿಗೆ ಹೋದೆ. ಬೀರಸಿದ್ದಪ್ಪ ಮನೆಯಲ್ಲಿದ್ದ. ನಮ್ಮನ್ನು ನೋಡಿ ಮಗಳು ಮತ್ತೆ ಫೇಲಾದಳೆಂದು ತಿಳಿದು, ಕೂಡ್ರಿ ಎನ್ನುವ ಮೊದಲೇ ಅವಳನ್ನು ಬಯ್ಯತೊಡಗಿದ. ಜಿನ್ನವ್ವ ಬಂದ ವಿಷಯ ಹೇಳಿದಳು. ಅವನು ಮಂಚದ ಮೇಲಿನ ಹಾಸಿಗೆ ಝಾಡಿಸಿ ಹಾಕಿದ.

“ನಾಕೂ ಮ್ಯಾಚ್ ಅದಾವ್ರಿ. ಲೋಡ್ ಎಲ್ಲೇ ಇರಲಿ, ಗಾಡಿ ತಿರಿವ್ಕೊಂಡ ಬಂದೇನಿ. ಮೂರನೇದ್ದರಾಗ ಮಳಿ ಬಡದೈತಿ, ಆದ್ರ ಕಾಣ್ತೈತಿ.”

ಐದು ತಾಸು ನೋಡಿದೆವು. ಅವನೂ ಅವನ ಹೆಂಡತಿಯೂ ನಡುನಡುವೆ ಚಹಾ ಕೊಟ್ಟರು. ಉದ್ದವ್ವ ಬಾಗಿಲ ಹಿಂದೆ ನಿಂತಿದ್ದವಳು ಎರಡನೆಯ ಪಂದ್ಯದ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು ಕೂತು, ಪ್ರಯತ್ನದ ಪಾಸು ಯಾವುದು, ಅಲ್ಲದ್ದು ಯಾವುದು ಎಂದು ಬೆರಳಿಟ್ಟು ತೋರಿಸತೊಡಗಿದಳು. “ಇದು ಹಿಡೀಬ್ಯಾಡ್ರಿ ಸರ್, ಇದು ತಪ್ಪಿ ಬಂದದ್ದು. ಇದು ಹಿಡೀರಿ. ಇದು ಬೇಕಂತ ಕೊಟ್ಟಾಳ.”

ಹುಕ್ಕೇರಿ: 24ರಲ್ಲಿ 19. ಕಣಗಲಾ: 29ರಲ್ಲಿ 21. ಯಮಕನಮರಡಿ: 37ರಲ್ಲಿ 20. ಗೋಕಾಕ: 51ರಲ್ಲಿ 22.

ಕೊನೆಯದಕ್ಕೆ ಶೇಕಡಾ ತೆಗೆಯಲು ಪೆನ್ಸಿಲ್ ಎತ್ತಿದೆ. “ನಲವತ್ತಮೂರ್ರಿ,” ಎಂದಳು ಉದ್ದವ್ವ. ಸರಿಯಿತ್ತು. ಮೊದಲನೆಯದು ಎಪ್ಪತ್ತೊಂಬತ್ತು.

ಇನ್ನೊಂದು. ಮೊದಲ ಪಂದ್ಯದ ವಿಡಿಯೋದಲ್ಲಿ ಕೇಳುವ ದನಿ ಬೀರಸಿದ್ದಪ್ಪನದೊಂದೇ. ಗೋಕಾಕದ ಪಂದ್ಯದಲ್ಲಿ ಅವನ ಬೈಗುಳವನ್ನೂ ಮೀರಿ ಹುಡುಗಿಯರ ಕೂಗು ಕೇಳುತ್ತದೆ. “ಹಿಂದ! ಹಿಂದ ನೋಡ! ನಾ ಅದೇನಿ, ನೀ ಬಿಡ!” ಹೆಚ್ಚಿನವು ಉದ್ದವ್ವನವು. ಎರಡು ಕಡೆ ನಾನೂ ಕಾಣುತ್ತೇನೆ. ಅವಳು ಹಾರಿ ತಲೆಯಿಂದ ಚೆಂಡು ತಡೆದಾಗ ಎಲ್ಲರೂ ಮೈದಾನದ ಕಡೆ ನೋಡುತ್ತಿದ್ದಾರೆ. ನಾನು ವಹಿ ನೋಡುತ್ತಿದ್ದೇನೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಜಿನ್ನವ್ವ, “ಆ ಹುಡುಗಿ ಕಾಲ ನೋಡಿದ್ರೇನು? ಉಗರ ಎದ್ದ ಹೋಗೇತಿ. ಬೂಟ್ ಸಣ್ಣು ಆಗ್ಯಾವು,” ಎಂದಳು. ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಹತ್ತು ದಿನದ ಪರ್ವ ಮುಗಿದು ಇವತ್ತು ಕ್ಷಮೆ ಕೇಳುವ ದಿನ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ಕೇಳಿದರು. ಪ್ರತಿವರ್ಷ ನಾನೂ ಸಾಲಾಗಿ ಕೇಳುತ್ತಿದ್ದೆ. ಇಪ್ಪತ್ತು ನಿಮಿಷದ ಕೆಲಸ. ಈ ಸಲ ಬರೆದುಕೊಡಬೇಕಾದ್ದರಿಂದ ಯಾರಿಗೆ, ಯಾತಕ್ಕೆ ಎಂದು ಯೋಚಿಸಬೇಕಾಯಿತು. ತಡವಾಯಿತು.

ಭಾಗ್ಯಾಳಿಗೆ ನಾಲ್ಕು ಸಾಲಿನ ಚೀಟಿ. ಓದಿ ಕಿಸೆಯಲ್ಲಿಟ್ಟುಕೊಂಡಳು. “ಮಾಫ್ ಮಾಡೇನ್ರಿ ಸರ್. ಅಷ್ಟರಿಂದ ನನ್ನ ನೌಕರಿ ಉಳಿಯಂಗಿಲ್ಲ, ಅದೂ ಖರೇ.”

ಜಿನ್ನವ್ವನಿಗೂ ಒಂದು ಚೀಟಿ ಬರೆದೆ. ಅದರಲ್ಲಿ ಏನು ಬರೆದೆನೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವಳು ಓದಿದಳು, ಮತ್ತೊಂದು ಸಲ ಓದಿದಳು. “ಇಷ್ಟ ದಿನ ಇದನ್ನೆಲ್ಲಾ ಲೆಕ್ಕಾ ಇಟ್ಟಿದ್ರೇನು?” ಎಂದಳು. ಇಟ್ಟಿರಲಿಲ್ಲ. ಬೆಳಿಗ್ಗೆ ಕೂತಾಗ ನೆನಪಾದವು.

ಸೆಪ್ಟೆಂಬರ್ 13, ಶನಿವಾರ

ನಮ್ಮದೇ ಮೈದಾನದಲ್ಲಿ ಮತ್ತೆ ಹುಕ್ಕೇರಿ. 54ರಲ್ಲಿ 17. ಶೇಕಡಾ ಮೂವತ್ತೊಂದು. ಗೋಲು ಒಂದು–ಒಂದು. ಸಮ!

ಆಶ್ಚರ್ಯಸೂಚಕ ಚಿಹ್ನೆ ಅನವಶ್ಯಕ. ಶಾಯಿಯಲ್ಲಿ ಬರೆದದ್ದರಿಂದ ಉಳಿದಿದೆ.

ಸೆಪ್ಟೆಂಬರ್ 15, ಸೋಮವಾರ

ತಿದ್ದಿದ ವರದಿ ಹಿಡಿದು ಹುಕ್ಕೇರಿಗೆ, ಅಣ್ಣಾಸಾಹೇಬರ ಮನೆಗೆ. ಜಿನ್ನವ್ವ ತಾನೇ ಬಂದಳು. ಅಧ್ಯಕ್ಷರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಕಾಗದ ಕೊಟ್ಟೆ. ಕನ್ನಡಕ ದುರಸ್ತಿಗೆ ಹೋಗಿತ್ತು. “ಬಾಯಿಲೇ ಹೇಳ್ರಿ” ಎಂದರು. ನಾನು ಗಂಟಲು ತೋರಿಸಿದೆ. “ಏನ್ರಿ, ನೀರ ಬೇಕೇನು?” ಎಂದರು. ನೀರು ಬಂತು. ಕುಡಿದೆ.

ಆಗ ಜಿನ್ನವ್ವ ಕಾಗದ ತೆಗೆದುಕೊಂಡು ಓದಿದಳು. ಶೇಕಡಾಗಳನ್ನೆಲ್ಲ ಓದಿ ಮುಗಿಸಿದ ಮೇಲೂ ಅಣ್ಣಾಸಾಹೇಬರ ಮುಖದಲ್ಲಿ ಏನೂ ಆಗಲಿಲ್ಲ.

“ಒಂದ ಮಾತಿನ್ಯಾಗ ಹೇಳ್ರಿ ತಾಯಿ. ಸುಧಾರಿಸೇತೋ ಇಲ್ಲೋ?”

ಜಿನ್ನವ್ವ ಕಾಗದ ಮಡಚಿದಳು. “ಕಾಕಾ, ಮೊದಲ ಆ ಹುಡುಗ್ಯಾರು ಚೆಂಡ ತಮ್ಮನ್ನ ದಾಟಿ ಹೋದ ಮ್ಯಾಲ ಓಡ್ತಿದ್ರು. ಈಗ ಬರೂಕಿಂತ ಮೊದಲ ಓಡ್ತಾರ. ನಾ ಗಣಿತ ಕಲಿತಾಕಿ ಅಲ್ಲ, ಐದ ತಾಸ ವಿಡಿಯೋ ನೋಡೇನಿ. ಇವ್ರು ಆ ವರದಿ ಅರ್ಧ ಎಣಿಸಿ ಬರದಿದ್ರು. ತಪ್ಪ ಇವರದು. ಶಿಕ್ಷಾ ಆ ಕಲಿಸೋ ಹುಡುಗಿಗೆ ಯಾಕ?”

ನನ್ನ ಎದುರಿಗೇ ಹಾಗೆಂದಳು. ವಾಕ್ಯಗಳು ಕ್ರಮವಾಗಿದ್ದವು. ಆಕ್ಷೇಪಿಸುವಂಥದ್ದೇನೂ ಸಿಗಲಿಲ್ಲ.

ಅಣ್ಣಾಸಾಹೇಬರು ಒಂದು ಮುಷ್ಟಿ ಶೇಂಗಾ ಅವಳ ಕೈಗೆ ಹಾಕಿದರು. “ಕಡೀ ಮ್ಯಾಚ್ ಮೂಡಲಗ್ಯಾಗ ಐತೆಲ್ಲ, ನಾ ಬರ್ತೀನಿ. ನೀವು ಎಣಸ್ರಿ ಮಾಸ್ತರ, ಎರಡೂ ಎಣಸ್ರಿ. ಅವತ್ತ ತೀರಿಸೂಣು.”

ಅಕ್ಟೋಬರ್ 6, ಸೋಮವಾರ

ಡಾಕ್ಟರು ದಿನಕ್ಕೆ ಹತ್ತು ನಿಮಿಷ ಮಾತಿಗೆ ಅನುಮತಿ ಕೊಟ್ಟರು. ಹಳೆಯ ದನಿ ಬರಲಿಕ್ಕಿಲ್ಲ ಎಂದರು. ಈಗಿನದು ಸಾಣೆ ಹಿಡಿದ ಸದ್ದಿನಂತಿದೆ. ಅರವತ್ತು ಮಕ್ಕಳ ತರಗತಿಗೆ ಕೇಳುವಂಥದ್ದಲ್ಲ.

ಮೊದಲು ಏನು ಮಾತಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದು ಜಿನ್ನವ್ವನಿಗೆ, “ಅಕ್ಕನ ಮೊಣಕಾಲು ಹೆಂಗೈತಿ?” ಎಂದು ಕೇಳಿದೆ. ಅವಳು ಹೇಳಿದ್ದು ಅರ್ಧ ತಾಸು. ನನ್ನ ಹತ್ತು ನಿಮಿಷದಲ್ಲಿ ಒಂಬತ್ತು ಹಾಗೇ ಉಳಿದವು.

ಅಕ್ಟೋಬರ್ 29, ಬುಧವಾರ

ಮಳೆ, ರಜೆ, ಮತ್ತೆ ಮಳೆ. ಮೂಡಲಗಿಯ ಪಂದ್ಯ ಎರಡು ಸಲ ಮುಂದೆ ಹೋಯಿತು. ಉದ್ದವ್ವನಿಗೆ ಹೊಸ ಬೂಟು ಬಂದಿವೆ. ಜಿನ್ನವ್ವ ಸಂತೆಯಲ್ಲಿ ಆರಿಸಿ ತಂದಳು. ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಎಣಿಸುವುದು ಏನೂ ಇಲ್ಲ. ನಡೆದಾಡಿದರೆ ಆರೋಗ್ಯಕ್ಕೆ ಒಳ್ಳೆಯದು.

ನವೆಂಬರ್ 9, ರವಿವಾರ

ಮೂಡಲಗಿ.

ಅಣ್ಣಾಸಾಹೇಬರು ಬಂದರು. ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗುರುಲಿಂಗಪ್ಪನವರು ಅವರ ಬಲಕ್ಕೆ, ನಾನು ಎಡಕ್ಕೆ, ಜಿನ್ನವ್ವ ನನ್ನ ಹಿಂದೆ. ಬೀರಸಿದ್ದಪ್ಪ ಇರಲಿಲ್ಲ, ಲಾರಿ ಸೋಲಾಪುರದ ಹತ್ತಿರ ಕೆಟ್ಟು ನಿಂತಿತ್ತಂತೆ. ಅಂದರೆ ಇವತ್ತಿನ ಲೆಕ್ಕಕ್ಕೆ ನನ್ನ ವಹಿಯೊಂದೇ ಆಧಾರ.

ಮೊದಲ ಅರ್ಧ: 33ರಲ್ಲಿ 6. ಗೋಲು ಇಲ್ಲ.

ಎರಡನೆಯ ಅರ್ಧದಲ್ಲಿ ಮೂಡಲಗಿಯವರು ಒಂದೇ ಸಮನೆ ನುಗ್ಗಿದರು. ಅವರ ಹತ್ತನೇ ನಂಬರಿನ ಹುಡುಗಿ ಬಹಳ ಚುರುಕು. ಅವಳು ಕಾಲು ಎತ್ತುವ ಮೊದಲೇ ಉದ್ದವ್ವ ಅವಳ ಭುಜ ನೋಡಿ ಹೊರಡುತ್ತಿದ್ದಳು. ಚೆಂಡು ಬಂದು ಬೀಳುವ ಜಾಗದಲ್ಲಿ ಅವಳು ಆಗಲೇ ನಿಂತಿರುತ್ತಿದ್ದಳು. ಕೊನೆಗೆ ಹತ್ತು ನಿಮಿಷ ಇರುವಾಗ ನಮ್ಮ ಎಡಗಡೆಯವಳು ಕಾಲು ಉಳುಕಿ ಕೂತಳು, ಬದಲಿಗೆ ಎಂಟನೆಯ ಇಯತ್ತೆಯ ಹುಡುಗಿ ಬಂದಳು. ಉದ್ದವ್ವ ಅವಳ ಜಾಗವನ್ನೂ ತನ್ನ ಜಾಗವನ್ನೂ ಕೂಗುತ್ತ ಕೂಗುತ್ತ ಕಾಯ್ದಳು. ಆ ಸಣ್ಣ ಹುಡುಗಿಯೂ ಕೂಗತೊಡಗಿದಳು. ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬಂದರೆ ಅವರ ಹುಡುಗಿ ಹಿಂದೆ ಆಫ್‌ಸೈಡಿನಲ್ಲಿ ಉಳಿದು, ಪಾಸು ಕೊಡಲು ಜಾಗವೇ ಇರುತ್ತಿರಲಿಲ್ಲ.

ಕೊನೆಯ ನಿಮಿಷದಲ್ಲಿ ಅವರು ಗೋಲು ಹೊಡೆದರು. ಪಾಸಲ್ಲ, ದಾರಿ ಸಿಗದೆ ಆ ಹತ್ತನೇ ನಂಬರಿನವಳು ದೂರದಿಂದಲೇ ಬೀಸಿ ಒದ್ದಳು. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಒಂದು–ಸೊನ್ನೆ, ಸೋತೆವು.

ಸೀಟಿಯ ಸದ್ದಿಗೆ ಅಣ್ಣಾಸಾಹೇಬರಿಗೆ ಎಚ್ಚರವಾಯಿತು. “ಎರಡನೇ ಅರ್ಧದಾಗ ಎಷ್ಟ ಮಾಸ್ತರ?”

ವಹಿ ತೆರೆದೆ. ಪುಟ ಖಾಲಿಯಿತ್ತು. ಒಂದು ಗೆರೆಯೂ ಇರಲಿಲ್ಲ. ಪೆನ್ಸಿಲ್ ಕಿಸೆಯಲ್ಲಿತ್ತು, ಯಾವಾಗ ಇಟ್ಟೆನೋ ಗೊತ್ತಿಲ್ಲ. ಗುರುಲಿಂಗಪ್ಪನವರು ನನ್ನನ್ನೂ ಪುಟವನ್ನೂ ನೋಡಿದರು. ಭಾಗ್ಯಾ ನೀರಿನ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಯಾವುದೋ ಒಂದು ಅಂಕಿ ಹೇಳಬಹುದಿತ್ತು. ಏಳು ಎಂದರೆ ಏಳು.

“ನಾ ಎಣಸಲಿಲ್ರಿ,” ಎಂದೆ.

“ಯಾಕ?”

“ನೋಡಾಕತ್ತಿದ್ನಿ.”

ಅಣ್ಣಾಸಾಹೇಬರು ಕಣ್ಣು ಉಜ್ಜಿಕೊಂಡರು. “ನೋಡಿದ್ದರ ಹೇಳ್ರಿ. ನನಗ ಊಟ ಆದ ಮ್ಯಾಲ ಕಣ್ಣ ಹತ್ತತಾವು.”

ಹೇಳಿದೆ. ಭುಜ ನೋಡಿ ಹೊರಡುವುದನ್ನು, ಎರಡು ಹೆಜ್ಜೆಯನ್ನು, ಆ ಸಣ್ಣ ಹುಡುಗಿಯನ್ನು. ಎದ್ದು ನಿಂತು ಗೆರೆಯ ಹತ್ತಿರ ಹೋಗಿ ಜಾಗ ತೋರಿಸಿ ಹೇಳಿದೆನಂತೆ. ಭಾಗ್ಯಾ ಇದನ್ನು ಜುಲೈಯಿಂದ ಹೇಗೆ ಕಲಿಸಿದಳೆಂದೂ ಹೇಳಿದೆ. ಹುಡುಗಿಯರು ಬಂದು ಸುತ್ತ ನಿಂತರು. “ಸರ್, ಅದ ನಾ ಅಲ್ರಿ, ಅದ ಅಕಿ ತಡದದ್ದು,” ಎಂದು ಉದ್ದವ್ವ ನಡುವೆ ತಿದ್ದಿದಳು. ಬಿಟ್ಟುಕೊಟ್ಟೆ. ಸಾಣೆ ಹಿಡಿದಂಥ ದನಿಗೆ ಎಲ್ಲರೂ ಕಿವಿ ಹತ್ತಿರ ತಂದು ಕೇಳಬೇಕಾಯಿತು.

ಇಪ್ಪತ್ತೈದು ನಿಮಿಷ ಮಾತಾಡಿದೆನೆಂದು ಜಿನ್ನವ್ವ ಹೇಳುತ್ತಾಳೆ. ಗಡಿಯಾರ ನೋಡಿದ್ದಳಂತೆ. ಆದರೆ ನಿಲ್ಲಿಸಲಿಲ್ಲ.

ನವೆಂಬರ್ 12, ಬುಧವಾರ

ಗಂಟಲು ಬಾತಿದೆ. ಡಾಕ್ಟರು ಬಯ್ದರು. ಮತ್ತೆ ಮೂರು ವಾರ ಬಾಯಿ ಬಂದ್.

ನವೆಂಬರ್ 20, ಗುರುವಾರ

ಮಂಡಳಿಯ ಠರಾವು ಬಂತು. ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಓದಿದರು. ಇಲ್ಲಿ ನಕಲು ಮಾಡುತ್ತೇನೆ:

“ಶ್ರೀ ಮಹಾವೀರ ಮಾಸ್ತರರು ಸಲ್ಲಿಸಿದ ಅಂಕಿ-ಅಂಶಗಳಲ್ಲಿ ಕೊನೆಯ ಪಂದ್ಯದ ಉತ್ತರಾರ್ಧ ಇಲ್ಲದ್ದರಿಂದ, ತಂಡ ಸುಧಾರಿಸಿದೆಯೋ ಇಲ್ಲವೋ ಎಂಬ ಬಗ್ಗೆ ಮಂಡಳಿಗೆ ಈಗ ನಿರ್ಣಯಕ್ಕೆ ಬರಲಾಗುವುದಿಲ್ಲ. ಆದ್ದರಿಂದ ತಂಡವನ್ನೂ ಕ್ರೀಡಾ ಶಿಕ್ಷಕಿಯನ್ನೂ ಇನ್ನೊಂದು ವರ್ಷ ಮುಂದುವರಿಸಿ, ಪೂರ್ತಿ ಎಣಿಸಿ ನೋಡತಕ್ಕದ್ದು.”

ಗುರುಲಿಂಗಪ್ಪನವರು ಕಾಗದ ಕೆಳಗಿಟ್ಟು, “ಇಪ್ಪತ್ತೇಳು ವರ್ಷದಾಗ ನೀವು ಅರ್ಧಾ ಬಿಟ್ಟ ಕೆಲಸ ಇದೊಂದ ನೋಡ್ರಿ,” ಎಂದರು. ಭಾಗ್ಯಾ ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ: ಮೈದಾನದ ನಡುವೆ ಒಬ್ಬಳೇ ನಿಂತು ಸೀಟಿ ಊದಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೊಂದು ಸಲ ಊದಿದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಋತು ಮುಗಿಯಿತು. ಎಣಿಸುವ ಕೆಲಸ ಜೂನ್ ತನಕ ಇಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಎಂಟನೆಯ ಇಯತ್ತೆಯ ಹುಡುಗಿಯರಿಗೆ ಉದ್ದವ್ವ ನಿಲ್ಲುವ ಜಾಗ ಕಲಿಸುತ್ತಾಳಂತೆ. ನನ್ನನ್ನು ಯಾರೂ ಕರೆದಿಲ್ಲ. ಐದೂವರೆಗೆ ಹೊರಡುತ್ತೇವೆ.